ಬಾಡಿಗೆ ಮನೆ ಖಾಲಿಯಾದಾಗ ಕಾಣುವ ಬಿರುಕು, ತೇವ: ತಪ್ಪು ಬಾಡಿಗೆದಾರರದೋ, ಮಣ್ಣಿನದೋ?

ಏಪ್ರಿಲ್, ಮೇ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಬಾಡಿಗೆ ಮನೆಗಳ ಮುಂದೆ ಸಾಮಾನು ತುಂಬುವ ಟೆಂಪೊಗಳು ನಿಲ್ಲತೊಡಗುತ್ತವೆ. ಮಕ್ಕಳ ಶಾಲೆಗೆ ರಜೆ, ನೌಕರರಿಗೆ ವರ್ಗಾವಣೆ. ಕಪಾಟು, ಮಂಚ ಹೊರಗೆ ಹೋದ ಮೇಲೆ ಮನೆ ಮಾಲೀಕರು ಗೋಡೆಯನ್ನು ಸರಿಯಾಗಿ ನೋಡುತ್ತಾರೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು, ನೆಲದ ಹತ್ತಿರ ಉದುರಿದ ಬಣ್ಣ, ಕಪಾಟಿನ ಹಿಂದೆ ಕಪ್ಪು ಬೂಷ್ಟು. ಡಿಪಾಜಿಟ್ ಹಣದ ಜಗಳ ಶುರುವಾಗುವುದು ಇಲ್ಲಿಂದಲೇ.

ಹಾಳಾದದ್ದು ಬಳಕೆಯಿಂದಲೋ, ಮಣ್ಣು ಮತ್ತು ನೀರಿನಿಂದಲೋ ಎಂದು ಬೇರ್ಪಡಿಸದಿದ್ದರೆ ಎರಡೂ ಕಡೆಗೆ ನಷ್ಟ. ಬಾಡಿಗೆದಾರರು ತಮ್ಮದಲ್ಲದ ತಪ್ಪಿಗೆ ಹಣ ಕಳೆದುಕೊಳ್ಳುತ್ತಾರೆ. ಮಾಲೀಕರು ಆ ಹಣದಲ್ಲಿ ಬಣ್ಣ ಬಳಿಸಿ ಸುಮ್ಮನಾಗುತ್ತಾರೆ, ಗೋಡೆ ಒಳಗೊಳಗೇ ಹಾಳಾಗುತ್ತ ಹೋಗುತ್ತದೆ.

ಕಾನೂನಿನಲ್ಲಿ ಇರುವುದೇನು?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಬಾಡಿಗೆದಾರರು ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಇಟ್ಟು ಹಿಂತಿರುಗಿಸಬೇಕು. ಇದಕ್ಕೆ ಎರಡು ವಿನಾಯಿತಿ ಇವೆ. ಒಂದು, ಸಹಜ ಬಳಕೆಯಿಂದಾಗುವ ಸವಕಳಿ. ಇನ್ನೊಂದು, ತಡೆಯಲಾಗದ ಶಕ್ತಿಯಿಂದಾದ ಹಾನಿ. ಬಿಸಿಲಿಗೆ ಮಾಸಿದ ಬಣ್ಣ, ಓಡಾಡಿ ಸವೆದ ನೆಲ ಮೊದಲನೆಯದರಲ್ಲಿ ಬರುತ್ತವೆ. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು 2019 ಮತ್ತು 2021ರಲ್ಲಿ ತಂದಂಥ ನೆರೆ ಎರಡನೆಯದಕ್ಕೆ ಉದಾಹರಣೆ. ಒಡೆದ ಬೇಸಿನ್, ಸುಟ್ಟ ಅಡುಗೆ ಕಟ್ಟೆ, ಕಿತ್ತುಹೋದ ಸ್ವಿಚ್ ಬೋರ್ಡ್ ಬಾಡಿಗೆದಾರರ ಲೆಕ್ಕ.

ನಂಬಿಕೆ 1: ಮೊಳೆ ಹೊಡೆದಿದ್ದಕ್ಕೇ ಗೋಡೆ ಸೀಳಿತು

ಮೊಳೆಯಿಂದ ಪ್ಲಾಸ್ಟರ್ ಉದುರಬಹುದು, ಸುತ್ತ ಸಣ್ಣ ಗೆರೆ ಬೀಳಬಹುದು. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಅಥವಾ ಇಟ್ಟಿಗೆಯ ಸಾಲಿನಲ್ಲಿ ಮೆಟ್ಟಿಲಿನಂತೆ ಹೋಗುವ ಬಿರುಕಿಗೆ ಮೊಳೆ ಕಾರಣವಲ್ಲ. ಅದು ಅಡಿಪಾಯ ಅಲುಗಿದ ಗುರುತು.

ಈ ಭಾಗದ ಬಹುಪಾಲು ನೆಲ ಕರಿ ಎರೆಮಣ್ಣು. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ತೆಳ್ಳನೆಯ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಾಯಿಬಿಡುವ ಹೊಲವನ್ನು ಇಲ್ಲಿಯ ರೈತರಿಗೆ ಹೇಳಿಕೊಡಬೇಕಿಲ್ಲ. ಮನೆಯ ಕೆಳಗೂ ಅದೇ ಮಣ್ಣು. ಮನೆಯ ನಡುಭಾಗದ ಕೆಳಗೆ ತೇವ ಹೆಚ್ಚುಕಡಿಮೆ ಉಳಿಯುತ್ತದೆ, ಅಂಚಿನ ಮಣ್ಣು ಬೇಗ ಒಣಗುತ್ತದೆ. ಅಂಚು ಕುಸಿದಾಗ ಗೋಡೆ ಬಿರಿಯುತ್ತದೆ. ಇದಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಕರಿಮಣ್ಣಿಗೆ ಹೊಂದುವ ಅಂಡರ್-ರೀಮ್ಡ್ ಪೈಲ್ ಎಂಬ ಅಡಿಪಾಯವನ್ನು ರೂಪಿಸಿತು. ಕಡಿಮೆ ಆಳದ ಅಡಿಪಾಯದ ಮೇಲೆ ನಿಂತ ಮನೆಗಳಿಗೆ ಆ ರಕ್ಷಣೆ ಇಲ್ಲ.

ಇಲ್ಲಿ ಕಾಲದ ಒಂದು ಮೋಸವಿದೆ. ಮಳೆಗಾಲದಲ್ಲಿ ಮಣ್ಣು ಉಬ್ಬಿದಾಗ ಇಂಥ ಅನೇಕ ಬಿರುಕುಗಳು ಕೂಡಿಕೊಂಡಂತೆ ಕಾಣುತ್ತವೆ, ಬೇಸಿಗೆಯಲ್ಲಿ ಅಗಲವಾಗುತ್ತವೆ. ಬಾಡಿಗೆದಾರರು ಬರುವುದು ಜೂನ್ ಸುಮಾರಿಗೆ, ಬಿಡುವುದು ಮೇ ತಿಂಗಳಲ್ಲಿ. ಹಾಗಾಗಿ "ಇವರು ಬರುವಾಗ ಇರಲಿಲ್ಲ, ಈಗ ಇದೆ" ಎಂಬ ಮಾಲೀಕರ ಮಾತು ನಿಜವೇ ಆಗಿದ್ದರೂ ತಪ್ಪು ಬಾಡಿಗೆದಾರರದೇ ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಪರೀಕ್ಷೆ ಸುಲಭ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯ ಎರಡೂ ತುದಿಯನ್ನು ಸಿಮೆಂಟಿನಿಂದ ಅಂಟಿಸಿ. ಕೆಲ ತಿಂಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದರ್ಥ. ಆಗ ಬಿರುಕು ತುಂಬಿ ಬಣ್ಣ ಹೊಡೆಯುವುದು ದುಡ್ಡಿಗೆ ದಂಡ, ಎಂಜಿನಿಯರರಿಗೆ ತೋರಿಸಬೇಕು. ಮನೆಯ ಸುತ್ತ ಮಳೆ ನೀರು, ಬಚ್ಚಲ ನೀರು ನಿಲ್ಲದಂತೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿದರೆ ಮಣ್ಣಿನ ಏರಿಳಿತ ಕಡಿಮೆಯಾಗುತ್ತದೆ.

ನಂಬಿಕೆ 2: ನೀರು ಚೆಲ್ಲಿ ಚೆಲ್ಲಿ ಗೋಡೆ ಕೆಡಿಸಿದರು

ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಗೋಡೆಯುದ್ದಕ್ಕೂ ಬಣ್ಣ ಉಬ್ಬಿ, ಬಿಳಿ ಪುಡಿ ಮೂಡಿದ್ದರೆ ಅದು ನೆಲದಿಂದ ಏರಿದ ತೇವ. ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ನೀರನ್ನು ಮೇಲೆಳೆಯುತ್ತವೆ. ನೀರು ಆರಿಹೋಗುತ್ತದೆ, ಅದರಲ್ಲಿದ್ದ ಉಪ್ಪು ಹರಳುಗಟ್ಟಿ ಪ್ಲಾಸ್ಟರನ್ನು ಒಳಗಿನಿಂದ ಒಡೆಯುತ್ತದೆ. ನದಿದಂಡೆಯ ನೀರಾವರಿ ಹೊಲಗಳು ಸವಳು-ಜವಳಾಗುವುದಕ್ಕೂ ಕಾರಣ ಇದೇ: ಹೆಚ್ಚಾದ ನೀರು, ಬಸಿಯದ ಮಣ್ಣು, ಮೇಲಕ್ಕೆ ಬರುವ ಉಪ್ಪು. ಅಂಥ ಹೊಲಗಳ ಪಕ್ಕದ ಮನೆಗಳಿಗೆ ಈ ಕಾಟ ಹೆಚ್ಚು.

ಆಯಿಲ್ ಪೇಂಟ್ ಬಳಿದರೆ ತೇವ ನಿಲ್ಲುತ್ತದೆ ಎನ್ನುವುದೂ ತಪ್ಪು. ಗೋಡೆಯ ಮುಖ ಮುಚ್ಚಿದರೆ ನೀರು ಆರಲು ದಾರಿ ಹುಡುಕಿ ಇನ್ನಷ್ಟು ಮೇಲೇರುತ್ತದೆ. ಅಡಿಪಾಯದ ಮೇಲೆ ತೇವ ತಡೆಯುವ ಪದರ ಇರಬೇಕು. ಅದಿಲ್ಲದ ಹಳೆಯ ಮನೆಗೆ ಸುಣ್ಣದಂಥ ಗಾಳಿಯಾಡುವ ಲೇಪನವೇ ವಾಸಿ. ಒಂದೇ ಜಾಗದಲ್ಲಿ, ನಲ್ಲಿಯ ಅಥವಾ ಬಚ್ಚಲಿನ ಹಿಂದೆ ಮಾತ್ರ ತೇವವಿದ್ದರೆ ಕತೆ ಬೇರೆ. ಅದು ಸೋರುವ ಪೈಪು. ಬಾಡಿಗೆದಾರರು ಅದನ್ನು ಯಾವಾಗ ತಿಳಿಸಿದರು, ಮಾಲೀಕರು ಯಾವಾಗ ರಿಪೇರಿ ಮಾಡಿಸಿದರು ಎಂಬುದರ ಮೇಲೆ ಹೊಣೆ ನಿಲ್ಲುತ್ತದೆ.

ಬೂಷ್ಟಿನಲ್ಲಿ ಇಬ್ಬರ ಪಾಲೂ ಇರಬಹುದು. ಗೋಡೆಯ ಹತ್ತಿರದ ಗಾಳಿಯಲ್ಲಿ ಆರ್ದ್ರತೆ ದಿನಗಟ್ಟಲೆ ಶೇ 80ಕ್ಕಿಂತ ಹೆಚ್ಚಿದ್ದರೆ ಬೂಷ್ಟು ಬೆಳೆಯುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಒಳಗೇ ಬಟ್ಟೆ ಒಣಗಿಸುವುದು ಬಳಕೆಯ ತಪ್ಪು, ಅಡುಗೆಮನೆ ಮತ್ತು ಬಚ್ಚಲಿಗೆ ಗಾಳಿಕಿಂಡಿಯೇ ಇಲ್ಲದಿರುವುದು ಮನೆ ಕಟ್ಟಿಸಿದವರ ತಪ್ಪು.

ನಂಬಿಕೆ 3: ಬೀಗ ಹಾಕಿದ ಮನೆ ಸುರಕ್ಷಿತ

ಹನ್ನೆರಡು ವರ್ಷ ಬಾಡಿಗೆಗಿದ್ದವರಿಗೆ ಮನೆ ಸೇರುತ್ತದೆ ಎಂಬ ಭಯದಿಂದ ಕೆಲವರು ಮನೆಯನ್ನು ಖಾಲಿ ಇಡುತ್ತಾರೆ. ಬಾಡಿಗೆದಾರರು ಮಾಲೀಕರ ಅನುಮತಿಯಿಂದ ಇರುವವರು. ಅಂಥ ವಾಸ ಎಷ್ಟು ವರ್ಷವಾದರೂ ತನ್ನಷ್ಟಕ್ಕೆ ಒಡೆತನವಾಗುವುದಿಲ್ಲ. ಆದರೆ ಬಾಡಿಗೆ ಸಂಬಂಧ ಕೊನೆಗೊಂಡ ಮೇಲೆ ಮನೆ ಬಿಡಿಸಿಕೊಳ್ಳಲು ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷದ ಮಿತಿ ಇದೆ. ಕರಾರು ನವೀಕರಿಸುತ್ತ, ಬಾಡಿಗೆಗೆ ರಸೀದಿ ಕೊಡುತ್ತ ಬಂದರೆ ಈ ಭಯಕ್ಕೆ ಕಾರಣವಿಲ್ಲ.

ಖಾಲಿ ಮನೆಗೆ ಅದರದೇ ಕಾಯಿಲೆಗಳಿವೆ. ಬೇಸಿನ್, ಬಚ್ಚಲಿನ ಕೊಳವೆಯ ಬಾಗಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ನಿಂತು ಗಟಾರದ ದುರ್ವಾಸನೆ ಮತ್ತು ಜಿರಲೆಯನ್ನು ತಡೆಯುತ್ತಿರುತ್ತದೆ. ಬೇಸಿಗೆಯಲ್ಲಿ ಕೆಲ ವಾರಗಳಲ್ಲಿ ಅದು ಆರಿಹೋಗುತ್ತದೆ. ಬೀಗ ಹಾಕುವ ಮುನ್ನ ಪ್ರತಿ ಕಿಂಡಿಗೂ ಒಂದು ಚೆಂಬು ನೀರು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕಿ. ಎಣ್ಣೆಯ ಪದರ ನೀರು ಆರುವುದನ್ನು ತಡೆಯುತ್ತದೆ.

ತೆರೆದ ಟಾಕಿಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವಷ್ಟು ಬೆಳೆಯಲು 7ರಿಂದ 10 ದಿನ ಸಾಕು. ಟಾಕಿ ಬರಿದು ಮಾಡಿ, ಒಳಗೋಡೆಯನ್ನು ಉಜ್ಜಿ, ಮುಚ್ಚಳ ಭದ್ರಪಡಿಸಿ. ಸೊಳ್ಳೆಯ ಮೊಟ್ಟೆಗಳು ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಬಲ್ಲವು. ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಸಿಲಿಂಡರ್ ಒಳಗೆ ಬಿಡಬೇಡಿ. ವಾರಕ್ಕೊಮ್ಮೆ ಎದುರುಬದುರು ಕಿಟಕಿ ತೆರೆದಿಡಿ. ಆಗಲೇ ಗೋಡೆ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ ಇದೆಯೇ ನೋಡಿ. ಜನವಿಲ್ಲದ ಮನೆಯಲ್ಲಿ ಅದು ಚೌಕಟ್ಟು ತಿಂದು ಮುಗಿಸುವವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೀಲಿ ಕೈ ಬದಲಾಗುವ ದಿನ

ಬಾಡಿಗೆದಾರರು ಬಂದ ದಿನವೇ ಇಬ್ಬರೂ ಸೇರಿ ಪ್ರತಿ ಕೋಣೆಯ ನಾಲ್ಕೂ ಗೋಡೆ, ನೆಲ, ಚಾವಣಿಯ ಫೋಟೊ ತೆಗೆಯಬೇಕು. ಬಿರುಕಿನ ಪಕ್ಕ ಅಳತೆಪಟ್ಟಿ ಇಟ್ಟು ತೆಗೆದರೆ ಅಗಲವೂ ದಾಖಲಾಗುತ್ತದೆ. ಫ್ಯಾನ್, ನಲ್ಲಿ, ಸ್ವಿಚ್, ಬೀಗಗಳ ಪಟ್ಟಿಗೆ ಇಬ್ಬರ ಸಹಿ ಇರಲಿ. ಬಿಡುವ ದಿನ ಅದೇ ಪಟ್ಟಿ ಹಿಡಿದು ನೋಡಿ, ವಿದ್ಯುತ್ ಮೀಟರಿನ ಅಂಕಿ ಬರೆದುಕೊಳ್ಳಿ, ಹೆಸ್ಕಾಂ ಬಿಲ್ಲು ಚುಕ್ತಾ ಮಾಡಿ.

ಒಂದೇ ಗೋಡೆಯ ಫೋಟೊವನ್ನು ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಬಿರುಕು ಮಳೆಯೊಂದಿಗೆ ಕೂಡಿ, ಬಿಸಿಲಿನೊಂದಿಗೆ ಬಿಟ್ಟುಕೊಳ್ಳುತ್ತಿದ್ದರೆ ಅದು ಮಣ್ಣಿನ ಕೆಲಸ. ಆ ಖರ್ಚನ್ನು ಬಾಡಿಗೆದಾರರ ಡಿಪಾಜಿಟ್‌ನಿಂದ ಕಡಿಯುವುದು ನ್ಯಾಯವಲ್ಲ.