ಆಟದ ಕತ್ತಿಗೂ ಎರಡು ಸಾಲು ಇದೆ, ನಮ್ಮ ವೀರಗಲ್ಲಿಗೆ ಯಾಕಿಲ್ಲ?

'ಹುಡುಗ ರಾತ್ರಿಯೆಲ್ಲ ಮೊಬೈಲ್ ಹಿಡ್ಕೊಂಡು ಕೂತಿರ್ತಾನೆ.' ಚನ್ನಗಿರಿಯಿಂದ ಜಗಳೂರಿನವರೆಗೆ ಯಾವ ಊರಿನ ಕಟ್ಟೆಗೆ ಹೋದರೂ ಈ ದೂರು ಇದ್ದದ್ದೇ. ಅವನು ಏನು ನೋಡುತ್ತಾನೆ ಎಂದು ಕೇಳುವವರು ಮಾತ್ರ ಕಡಿಮೆ. ಕೆಲವರು ನೋಡುವುದು 'ಎಲ್ಡನ್ ರಿಂಗ್' ಎಂಬ ಆಟದ ಕಥೆ ಬಿಡಿಸುವ ಯೂಟ್ಯೂಬ್ ವಿಡಿಯೋಗಳನ್ನು. ಅವರನ್ನು ಬೈಯುವ ಮೊದಲು ಇದನ್ನು ಓದಿ. ಆ ಹುಡುಗರು ಮಾಡುತ್ತಿರುವುದು ಒಳ್ಳೆಯ ಕೆಲಸ. ಅದೇ ಕೆಲಸವನ್ನು ಊರಿನಲ್ಲಿ ಮಾಡಲು ನಾವು ಅವರಿಗೆ ದಾರಿ ಬಿಟ್ಟಿಲ್ಲ. ತಪ್ಪು ಇರುವುದು ಅಲ್ಲಿ.

ಮೊದಲು ಆಟದ ವಿಷಯ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ ಇದನ್ನು 2022ರ ಫೆಬ್ರವರಿ 25ರಂದು ಬಿಡುಗಡೆ ಮಾಡಿತು. ಆಡಲು ಒಳ್ಳೆಯ ಕಂಪ್ಯೂಟರ್ ಅಥವಾ ಪ್ಲೇಸ್ಟೇಷನ್ ತರಹದ ಯಂತ್ರ ಬೇಕು. ಅದಕ್ಕೇ ನಮ್ಮ ಕಡೆ ಆಡುವವರಿಗಿಂತ ನೋಡುವವರೇ ಹೆಚ್ಚು. ಇದರಲ್ಲಿ ಯಾರೂ ಕೂತು ಕಥೆ ಹೇಳುವುದಿಲ್ಲ. ಒಂದು ಕತ್ತಿ ಸಿಕ್ಕರೆ ಅದರ ಬಗ್ಗೆ ಎರಡು ಮೂರು ಸಾಲು ಇರುತ್ತದೆ. ಒಂದು ಉಂಗುರಕ್ಕೆ, ಒಂದು ಹಳೇ ಅಂಗಿಗೆ ಇನ್ನಷ್ಟು ಸಾಲು. ಮರಿಕಾ ರಾಣಿ ಎಲ್ಡನ್ ರಿಂಗನ್ನು ಒಡೆದದ್ದು ಯಾಕೆ? ಮೆಲಿನಾ ಎಂಬ ಹೆಣ್ಣುಮಗಳು ನಿಜಕ್ಕೂ ಯಾರು? ಜಗತ್ತಿನ ಅಭಿಮಾನಿಗಳು ಇವತ್ತಿಗೂ ಜಗಳ ಆಡುತ್ತಿದ್ದಾರೆ. ಆದರೆ ಆ ಜಗಳಕ್ಕೆ ಒಂದು ನಿಯಮ ಇದೆ: 'ಯಾವ ವಸ್ತುವಿನ ಮೇಲೆ ಹಾಗೆ ಬರೆದಿದೆ, ತೋರಿಸು.' ತೋರಿಸದಿದ್ದರೆ ಮಾತಿಗೆ ಬೆಲೆ ಇಲ್ಲ.

ಆಟದ ನಿರ್ದೇಶಕ ಹಿಡೆಟಾಕಾ ಮಿಯಾಝಾಕಿ ಚಿಕ್ಕವರಿದ್ದಾಗ ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದಿ, ತಿಳಿಯದ ಜಾಗವನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ಹಾಗೆಂದು ಅವರೇ ಹೇಳಿಕೊಂಡಿದ್ದಾರೆ. ಆ ಖಾಲಿ ಜಾಗವನ್ನೇ ಅವರು ಆಟದಲ್ಲಿ ಬೇಕೆಂದೇ ಇಟ್ಟರು.

ಈಗ ನಮ್ಮ ಊರಿಗೆ ಬನ್ನಿ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಹನುಮಂತನ ಗುಡಿ ಹಿಂದೆ ಒಂದು ವೀರಗಲ್ಲು ನಿಂತಿರುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿದ್ದಾನೆ. ಹೀಗೆ ಸತ್ತವರಲ್ಲಿ ಬಹಳ ಜನ ರಾಜರಲ್ಲ. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವರು, ಹೆಂಗಸರ ಕೂಗು ಕೇಳಿ ಓಡಿಬಂದು ಸತ್ತವರು. ನಿಮ್ಮ, ನಮ್ಮ ತರಹದವರೇ. ಕೆಲವು ಕಲ್ಲುಗಳ ಮೇಲೆ ಅವರ ಹೆಸರೂ ಇದೆ. ನಾವು ಓದುವುದಿಲ್ಲ.

'ಹಳಗನ್ನಡ, ಯಾರಿಗೆ ತಿಳಿಯುತ್ತೆ ಬಿಡಿ' ಎನ್ನುತ್ತೀರಿ. ಇದು ನೆಪ. ಬಿ. ಎಲ್. ರೈಸ್ ಮೈಸೂರು ಸೀಮೆಯ ಶಾಸನಗಳನ್ನು ಬರೆಸಿಕೊಂಡು 'ಎಪಿಗ್ರಾಫಿಯಾ ಕರ್ನಾಟಿಕ' ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಹೊನ್ನಾಳಿ, ಚನ್ನಗಿರಿಯ ಶಾಸನಗಳು 7ನೇ ಸಂಪುಟದಲ್ಲಿವೆ, ಅದು ಬಂದದ್ದು 1902ರಲ್ಲಿ. ನ್ಯಾಮತಿ ಆಗ ಹೊನ್ನಾಳಿಗೆ ಸೇರಿತ್ತು. ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರಿನವು 11ನೇ ಸಂಪುಟದಲ್ಲಿವೆ. ತಾಲ್ಲೂಕುವಾರು ನಂಬರು, ಕನ್ನಡ ಲಿಪಿಯಲ್ಲಿ ಪಾಠ, ಇಂಗ್ಲಿಷಿನಲ್ಲಿ ಅರ್ಥ, ಎಲ್ಲ ಇದೆ. ಸ್ಕ್ಯಾನ್ ಆಗಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಪ್ರತಿ ಕಲ್ಲೂ ಅದರಲ್ಲಿಲ್ಲ, ನಿಜ. ಇರುವುದನ್ನಾದರೂ ಕಲ್ಲಿನ ಪಕ್ಕ ತಂದು ಇಟ್ಟಿದ್ದೇವಾ?

ಅಂದರೆ ನಮ್ಮ ಒಗಟುಗಳಲ್ಲಿ ಬಹಳಷ್ಟು ಒಗಟೇ ಅಲ್ಲ. ಉತ್ತರ ಅಚ್ಚಾಗಿ 120 ವರ್ಷ ದಾಟಿದೆ. ಅದು ಬೆಂಗಳೂರು, ಮೈಸೂರಿನ ಲೈಬ್ರರಿಗಳಿಗೆ ಹೋಯಿತು, ಕಲ್ಲು ನಿಂತ ಊರಿಗೆ ಬರಲಿಲ್ಲ. ಆಟದಲ್ಲಿ ಖಾಲಿ ಬಿಟ್ಟದ್ದು ಕಲೆ, ನಮ್ಮಲ್ಲಿ ಖಾಲಿ ಉಳಿದದ್ದು ಅಸಡ್ಡೆ.

ಖಾಲಿ ಜಾಗ ಖಾಲಿಯಾಗಿಯೂ ಇರುವುದಿಲ್ಲ. ಅಲ್ಲಿಗೆ ನಿಧಿಗಳ್ಳರು ಬರುತ್ತಾರೆ. ದಾನ ಕೊಟ್ಟ ಕಲ್ಲಿನ ಮೇಲೆ ಸೂರ್ಯ, ಚಂದ್ರ ಕೆತ್ತಿರುತ್ತಾರೆ. ಅವೆರಡೂ ಇರುವ ತನಕ ಈ ದಾನ ನಡೆಯಲಿ ಎಂದು ಅದರ ಅರ್ಥ. ಓದಲು ಬಾರದವನು ಅದನ್ನು ಹೊನ್ನಿನ ನಕ್ಷೆ ಅಂದುಕೊಳ್ಳುತ್ತಾನೆ. ಅಮಾವಾಸ್ಯೆ ರಾತ್ರಿ ಹಾರೆ ಹಿಡಿದು ಬರುತ್ತಾನೆ. ಬೆಳಗ್ಗೆ ಕಲ್ಲು ಎರಡು ತುಂಡು. ಕಲ್ಲಿನ ಪಕ್ಕ ನಾಲ್ಕು ಸಾಲಿನ ಅರ್ಥ ಬರೆದಿದ್ದರೆ ಹಾರೆ ಎತ್ತುವವನಿಗೂ ಅಲ್ಲಿ ಹೊನ್ನಿಲ್ಲ ಎಂದು ತಿಳಿಯುತ್ತಿತ್ತು.

ಓದು ಇಲ್ಲದ ಕಡೆ ವಾದವೂ ಕೆಡುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ನೋಡಿ. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಳು, ಜಾಗ ಸೂಳೆಯರದ್ದಾಗಿತ್ತು, ತಮ್ಮ ಹೆಸರಿಡುವುದಾದರೆ ಕೊಡುತ್ತೇವೆ ಎಂದರು ಎಂಬುದು ಜನ ಹೇಳುವ ಕಥೆ. ಈಗ ಬೋರ್ಡಿನ ಮೇಲೆ ಶಾಂತಿಸಾಗರ, ಬಾಯಲ್ಲಿ ಸೂಳೆಕೆರೆ. ಹೆಸರು ಮುಜುಗರ ಎನ್ನುವವರು ಒಂದು ಕಡೆ, ಮಾತು ಕೊಟ್ಟ ಮೇಲೆ ಮುಗಿಯಿತು ಎನ್ನುವವರು ಇನ್ನೊಂದು ಕಡೆ. ದನಿ ಏರುತ್ತದೆ, ಪುರಾವೆ ಮಾತ್ರ ಯಾರೂ ಕೇಳುವುದಿಲ್ಲ. ಎಲ್ಡನ್ ರಿಂಗ್ ಹುಡುಗರ ಒಂದು ನಿಯಮ ನಮ್ಮ ಕಟ್ಟೆಗೆ ಬಂದಿದ್ದರೆ ಸಾಕಿತ್ತು: ಎಲ್ಲಿ ಬರೆದಿದೆ, ತೋರಿಸು.

'ಇದೆಲ್ಲ ಪುರಾತತ್ವ ಇಲಾಖೆ ಕೆಲಸ' ಎನ್ನಬೇಡಿ. ಸಂತೇಬೆನ್ನೂರು ಪುಷ್ಕರಣಿಯಂಥ ದೊಡ್ಡ ಸ್ಮಾರಕಕ್ಕೆ ಇಲಾಖೆ ಇದೆ. ಬದುವಿನ ಕಲ್ಲಿಗೆ ಊರೇ ದಿಕ್ಕು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯ ಎಂಬ ವೀರನ ಕಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದ್ದು. ಅಲ್ಲಿನ ಜನ, ಆಸಕ್ತರು ಸೇರಿ ದುಡ್ಡು ಹಾಕಿ ಅದಕ್ಕೆ ಮಂಟಪ ಕಟ್ಟಿದರು. ಬೆಂಗಳೂರಿಗೆ ಆಗುವುದು ನ್ಯಾಮತಿಗೆ ಆಗುವುದಿಲ್ಲವಾ?

ಆದ್ದರಿಂದ ನಮ್ಮ ಬೇಡಿಕೆ ಮೂರೇ. ಒಂದು, ಪ್ರತಿ ಗ್ರಾಮ ಪಂಚಾಯಿತಿ ತನ್ನ ವ್ಯಾಪ್ತಿಯ ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳ ಪಟ್ಟಿ ಮಾಡಲಿ. ಎರಡು, ಆ ಊರಿಗೆ ಸೇರಿದ ಪುಟಗಳನ್ನು ಪ್ರಿಂಟ್ ತೆಗೆದು, ಇವತ್ತಿನ ಕನ್ನಡದಲ್ಲಿ ಅರ್ಥ ಬರೆಸಿ, ಅರಿವು ಕೇಂದ್ರದಲ್ಲಿ ಇಡಲಿ. ಮೂರು, ಕಲ್ಲಿನ ಪಕ್ಕ ನಾಲ್ಕು ಸಾಲಿನ ಬೋರ್ಡು ಹಾಕಲಿ. ಇದಕ್ಕೆ ಕೋಟಿ ಬೇಕಿಲ್ಲ, ಸ್ವಾಗತ ಕಮಾನಿಗೆ ಸುರಿಯುವುದರಲ್ಲಿ ಸಣ್ಣ ಪಾಲು ಸಾಕು.

ಕೆಲಸಕ್ಕೆ ಜನ ಯಾರು ಎಂದು ಕೇಳಿದರೆ, ರಾತ್ರಿ ಮೊಬೈಲ್ ಹಿಡಿದು ಕೂತ ಆ ಹುಡುಗರೇ. ಇಲ್ಲದ ರಾಜ್ಯದ ರಾಣಿಗಾಗಿ ಸಾಲು ಸಾಲು ಕೂಡಿಸಿ ಓದುವ ತಾಳ್ಮೆ ಅವರಿಗಿದೆ. ನಿಮ್ಮ ದನ ಉಳಿಸಲು ಹೋಗಿ ಸತ್ತವನ ಹೆಸರನ್ನು ಅವರು ಓದಲಾರರೇ? ಬೈಯುವುದು ಬಿಡಿ. ನಾಳೆ ಬೆಳಗ್ಗೆ ಅವರನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ.