ಪಾಸಾಯಿತು, ಆದರೆ ಷರಾ ಓದಿರಿ

2019ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆನಷ್ಟೆ. ಅಲ್ಲಿನ ಕೋಟೆ, ಸರೋವರಗಳ ಬಗ್ಗೆ ಹಿಂದೆ ಬರೆದಿದ್ದೇನೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಒಂದು ಗ್ಯಾರೇಜಿನಲ್ಲಿ ಕಳೆದ ಮುಕ್ಕಾಲು ಗಂಟೆ. ಅದನ್ನು ಬರೆಯಲು ಇಷ್ಟು ವರ್ಷ ಹಿಂಜರಿದುದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಅಳಿಯನ ಬಳಿ 1998ರ ಹೊಂಡಾ ಪ್ಯಾನ್ ಯುರೋಪಿಯನ್ ಇದೆ. ದೂರ ಪ್ರಯಾಣಕ್ಕೆಂದೇ ಮಾಡಿದ 1,100 ಸಿಸಿಯ ಬೈಕು. ಸುಮಾರು ಮುನ್ನೂರು ಕಿಲೋ ತೂಕ, ಎರಡೂ ಬದಿಗೆ ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ದೊಡ್ಡ ಗಾಜು. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯನ್ನೇ ಮಹಾವಾಹನವೆಂದು ನಂಬಿದ್ದ ನನ್ನಂಥವನಿಗೆ ಅದು ಆನೆಯಂತೆ ಕಂಡಿತು. ಆ ದೇಶದಲ್ಲಿ ಬೈಕಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷವೂ ‘ಎಂಒಟಿ’ ಎಂಬ ಪರೀಕ್ಷೆ ಆಗಲೇಬೇಕು. 1960ರಲ್ಲಿ ಹತ್ತು ವರ್ಷ ದಾಟಿದ ವಾಹನಗಳಿಗೆಂದು ಆರಂಭವಾದ ಈ ಪದ್ಧತಿ 1967ರ ಹೊತ್ತಿಗೆ ಮೂರು ವರ್ಷದ ವಾಹನಗಳಿಗೂ ಬಂದಿತು. ಆ ಹೆಸರಿನ ಸಚಿವಾಲಯ ಈಗಿಲ್ಲ. ಪರೀಕ್ಷೆಗೆ ಮಾತ್ರ ಹೆಸರು ಅಂಟಿಕೊಂಡಿದೆ.

ನೀಲಿ ಹಲಗೆಯ ಮೇಲೆ ಮೂರು ಬಿಳಿ ತ್ರಿಕೋನಗಳಿರುವ ಗ್ಯಾರೇಜಿಗೆ ಹೋದೆವು. ಪರೀಕ್ಷೆಯನ್ನು ನೋಡಲು ಮಾಲೀಕನಿಗೆ ಅಲ್ಲಿ ಪ್ರತ್ಯೇಕ ಸ್ಥಳವಿರಬೇಕೆಂಬುದು ನಿಯಮ. ನಾನು ಅಲ್ಲಿ ಕುಳಿತು, ಪರೀಕ್ಷಾ ಕೊಠಡಿಯ ಹೊರಗೆ ಕಾಯುವ ತಂದೆಯಂತೆ ನೋಡುತ್ತಿದ್ದೆ. ಪರೀಕ್ಷಕನು ಏನನ್ನೂ ಬಿಚ್ಚುವಂತಿಲ್ಲ; ಕಣ್ಣು, ಕೈ ಮತ್ತು ಅಳತೆಯ ಯಂತ್ರಗಳಷ್ಟೇ. ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಅತ್ತಿತ್ತ ತಿರುಗಿಸಿ, ಬೇರಿಂಗಿನಲ್ಲಿ ತಡೆ ಇದೆಯೇ ಎಂದು ಬೆರಳಿನಲ್ಲೇ ಆಲಿಸಿದನು. ಫೋರ್ಕಿನಿಂದ ಎಣ್ಣೆ ಒಸರಿದೆಯೇ ನೋಡಿದನು. ಬ್ರೇಕನ್ನು ಅಳೆದನು. ಈ ಬೈಕಿಗೆ ಚೈನಿಲ್ಲ, ಹಿಂಗಾಲಿಗೆ ಶಕ್ತಿ ಒಯ್ಯುವುದು ಒಂದು ದಂಡ. ಆದ್ದರಿಂದ ಇತರ ಬೈಕುಗಳು ಎಡವುವ ಸಡಿಲ ಚೈನು, ಸವೆದ ಹಲ್ಲುಚಕ್ರಗಳ ಪ್ರಶ್ನೆ ಇದಕ್ಕೆ ಬರುವುದಿಲ್ಲ. ಇದರ ಕಷ್ಟಗಳೇ ಬೇರೆ. ಹೆದ್ದಾರಿಯಲ್ಲಿ ನೇರವಾಗಿಯೇ ಓಡಿ ಹಿಂದಿನ ಟೈರು ನಡುವೆ ಚಪ್ಪಟೆಯಾಗಿ ಸವೆಯುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಬ್ರೇಕಿನ ಭಾಗಗಳನ್ನು ತಿನ್ನುತ್ತದೆ. ಇನ್ನು ದೀಪ: ಪೆಟ್ಟಿಗೆ ತುಂಬಿದಾಗ ಹಿಂಭಾಗ ಕುಸಿದು ಬೆಳಕು ಮೇಲಕ್ಕೇಳುವುದರಿಂದ ಸವಾರನು ಅದನ್ನು ತಗ್ಗಿಸಿಕೊಂಡಿರುತ್ತಾನೆ. ಅಳಿಯ ಸ್ಕಾಟ್‌ಲೆಂಡಿನಿಂದ ಬಂದವನು ಅದನ್ನು ಮತ್ತೆ ಸರಿಪಡಿಸುವುದನ್ನು ಮರೆತಿದ್ದ!

ದೀಪ ಸರಿಪಡಿಸಿದ ಮೇಲೆ ಬೈಕು ಪಾಸಾಯಿತು. ಆದರೆ ಕಾಗದದ ಕೆಳಗೆ ಒಂದು ಷರಾ ಇತ್ತು: ಹಿಂದಿನ ಟೈರು ಕಾನೂನಿನ ಮಿತಿಗೆ ಸಮೀಪಿಸಿದೆ. ಅಲ್ಲಿ ದೊಡ್ಡ ಬೈಕಿನ ಟೈರಿಗೆ ಅಗಲದ ಮುಕ್ಕಾಲು ಭಾಗದಲ್ಲಿ 1 ಮಿಲಿಮೀಟರ್ ಆಳ ಉಳಿದಿದ್ದರೆ ಸಾಕು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದು ಪರಿಚಿತವೇ. ಮೂವತ್ತೈದು ಅಂಕ ಬಂದವನ ಪ್ರಗತಿಪತ್ರದಲ್ಲಿ ‘ಉತ್ತೀರ್ಣ’ ಎಂದು ಬರೆದು, ಪಕ್ಕದಲ್ಲಿ ‘ಗಣಿತದಲ್ಲಿ ಗಮನ ಅಗತ್ಯ’ ಎಂದು ಸೇರಿಸುತ್ತಿದ್ದೆನಲ್ಲ, ಅದೇ. ತಂದೆಯ ಸಹಿಯನ್ನು ನೀವೇ ಹಾಕಿಕೊಂಡು ಬಂದಿರೋ ಇಲ್ಲವೋ, ಈಗ ಕೇಳುವುದಿಲ್ಲ.

ಈ ಷರಾ ಅಡಗಿ ಕೂರುವುದಿಲ್ಲ ಎಂಬುದೇ ನನಗೆ ಬಹಳ ಹಿಡಿಸಿದ ಸಂಗತಿ. ಬೈಕಿನ ನೋಂದಣಿ ಸಂಖ್ಯೆ ಗೊತ್ತಿದ್ದರೆ ಯಾರು ಬೇಕಾದರೂ ಅದರ ವರ್ಷವರ್ಷದ ಪರೀಕ್ಷೆಗಳನ್ನು, ಅಂದಂದು ಅದು ಓಡಿದ್ದ ಮೈಲಿಗಳನ್ನು, ನಪಾಸಾದ ಕಾರಣಗಳನ್ನು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಮೀಟರನ್ನು ಹಿಂದಕ್ಕೆ ತಿರುಗಿಸಿ ಮಾರುವವನು ಅಲ್ಲೇ ಸಿಕ್ಕಿಬೀಳುತ್ತಾನೆ.

ಆದರೂ ವಾರ್ಷಿಕ ಪರೀಕ್ಷೆಯೇ ಸರ್ವಸ್ವವೆಂದು ನಾನು ಒಪ್ಪಲಾರೆ. ಭಾನುವಾರ ಮಾತ್ರ ಹೊರಬಂದು ವರ್ಷಕ್ಕೆ ಐನೂರು ಮೈಲಿ ಓಡುವ ಬೈಕಿಗೂ ಹತ್ತು ಸಾವಿರ ಮೈಲಿ ಓಡುವ ಬೈಕಿಗೂ ಒಂದೇ ಅವಧಿ ಏಕೆ? ಷರಾ ಬಂದ ಟೈರಿನಲ್ಲೇ ಅಳಿಯ ಹೊರಟಿದ್ದರೆ ಇನ್ನೊಂದು ಪರೀಕ್ಷೆಗೆ ಮೊದಲೇ ಅದು ಬೋಳಾಗುತ್ತಿತ್ತು. ಪ್ರಮಾಣಪತ್ರ ಹೇಳುವುದು ಆ ಒಂದು ದಿನದ ಸ್ಥಿತಿಯನ್ನು ಮಾತ್ರ. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ. ಫ್ರಾನ್ಸ್ ದೇಶ ಸವಾರರ ಪ್ರತಿಭಟನೆಗಳ ನಡುವೆ 2024ರ ಏಪ್ರಿಲ್‌ನಲ್ಲಿ ಮೂರು ವರ್ಷಕ್ಕೊಮ್ಮೆ ಎಂದು ಆರಂಭಿಸಿತು. ಅವಧಿ ಎಷ್ಟೆಂಬುದಕ್ಕಿಂತ, ನೋಡಿದವನು ನೋಡಿದ್ದನ್ನು ಬರೆದನೇ ಎಂಬುದೇ ಮುಖ್ಯವೆಂಬುದು ನನ್ನ ಅಭಿಪ್ರಾಯ.

ಇನ್ನು ಹಿಂಜರಿದ ಕಾರಣ. ನಮ್ಮಲ್ಲಿ ಸ್ವಂತ ಬಳಕೆಯ ದ್ವಿಚಕ್ರ ವಾಹನದ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ನಡುವೆ ಹೊಗೆಯ ತಪಾಸಣೆ ಬಿಟ್ಟರೆ ಬ್ರೇಕನ್ನಾಗಲಿ ಟೈರನ್ನಾಗಲಿ ಯಾರೂ ಕೇಳುವುದಿಲ್ಲ. ಹದಿನೈದಾದ ಮೇಲೆ ವಾಹನವನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2011ರಲ್ಲಿ ನನ್ನ ಸ್ಕೂಟರಿಗೆ ಆ ಸಮಯ ಬಂದಿತು. ಅದರ ಹಿಂದಿನ ಬ್ರೇಕು ಸಡಿಲವಾಗಿದ್ದುದು ನನಗೆ ಗೊತ್ತಿತ್ತು. ಮಧ್ಯವರ್ತಿಯೊಬ್ಬನ ಕೈಗೆ ಕಾಗದ ಕೊಟ್ಟೆ. ಸ್ಕೂಟರು ಮರದ ನೆರಳಿನಲ್ಲಿ ನಿಂತೇ ಇತ್ತು, ಅದರ ಬಳಿಗೆ ಒಬ್ಬರೂ ಬರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು, ಕೆಲಸ ಸುಲಭವಾಯಿತೆಂದು ಹೆಮ್ಮೆಯಿಂದ ಹೇಳಿಕೊಂಡೆ.

ಹನ್ನೆರಡು ದಿನಗಳ ಮೇಲೆ ತಂಗಿಯ ಮಗ ಅದೇ ಸ್ಕೂಟರನ್ನು ಪೇಟೆಗೆ ಒಯ್ದ. ಮಳೆ ಬಿದ್ದ ಇಳಿಜಾರು, ಬ್ರೇಕು ಹಿಡಿಯಲಿಲ್ಲ. ಎಡಗಾಲಿನ ಮೂಳೆ ಎರಡು ಕಡೆ ಮುರಿದು ಅವನು ಐದು ತಿಂಗಳು ಮಲಗಿದ, ಒಂದು ವರ್ಷದ ಓದು ಕಳೆದುಕೊಂಡ. ಬ್ರೇಕಿನ ವಿಷಯ ನನಗೆ ಮೊದಲೇ ತಿಳಿದಿತ್ತೆಂದು ಅವನಿಗೂ ತಂಗಿಗೂ ಆಗ ಹೇಳಲಿಲ್ಲ. ಈ ಪುಟವನ್ನು ಅವರೂ ಓದುತ್ತಾರೆ. ಇಲ್ಲಿ ಹಾಕುವ ಮುನ್ನ ಮೊನ್ನೆ ಅವರ ಮನೆಗೆ ಹೋಗಿ ಹೇಳಿ ಬಂದೆ. ತಂಗಿ ಬಹಳ ಹೊತ್ತು ಮಾತನಾಡಲಿಲ್ಲ. ಅವನು ಮಾತ್ರ, “ಮಾವ, ಕಚೇರಿಯವರನ್ನು ಬೈಯುತ್ತಿದ್ದಿರಲ್ಲ ಇಷ್ಟು ವರ್ಷ” ಎಂದ.

ನಮ್ಮ ಬೀದಿಯ ಕೊನೆಯಲ್ಲಿರುವ ಮೆಕ್ಯಾನಿಕ್‌ನನ್ನು ಕಳೆದ ವಾರ ಈಗಿನ ಸ್ಕೂಟರನ್ನು ಪೂರ್ತಿ ಪರೀಕ್ಷಿಸಿ ಕಂಡದ್ದನ್ನು ಬರೆದುಕೊಡಲು ಕೇಳಿದೆ. “ಬರೆಯುವುದು ಯಾಕೆ ಮೇಷ್ಟ್ರೇ, ಬಾಯಲ್ಲೇ ಹೇಳುತ್ತೇನೆ” ಎಂದು ನಕ್ಕ. ಬಿಡಲಿಲ್ಲ. ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದಾನೆ: ಬ್ರೇಕು ಸರಿ, ಹಿಂದಿನ ಟೈರು ದಸರೆಯೊಳಗೆ ಬದಲಿಸಿ.