ಕಾವಲುಗಾರರೇ ಕಂಗೆಟ್ಟಾಗ

ಕಳೆದ ಆಟಿಯ ಒಂದು ರಾತ್ರಿ. ಸಾನಪಾಡಾದ ಮನೆಯಲ್ಲಿ ಆಫೀಸಿನ ಕಾಲ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಉಡುಪಿ ಕಡೆಯ ಊರಿನಿಂದ ಅತ್ತೆಯ ಫೋನ್. "ಮಾವನಿಗೆ ಮೂರು ದಿನದಿಂದ ಜ್ವರ ಮಗಾ. ಇವತ್ತು ನಡುಗುತ್ತಾರೆ, ಏನೇನೋ ಮಾತಾಡುತ್ತಾರೆ."

"ಮಳೆಗಾಲದ ಜ್ವರ ಅತ್ತೆ, ಒಂದು ಮಾತ್ರೆ ಕೊಡಿ, ಬೆಳಿಗ್ಗೆ ನೋಡುವ" ಎಂದೆ. ಆ ಮಾತು ಇಂದಿಗೂ ಚುಚ್ಚುತ್ತದೆ.

ಬೆಳಿಗ್ಗೆ ಆಸ್ಪತ್ರೆ ಸೇರುವಾಗ ರಕ್ತದೊತ್ತಡ ಕುಸಿದಿತ್ತು. ರಕ್ತದ ಕಲ್ಚರ್‌ನಲ್ಲಿ ಗೊತ್ತಾದದ್ದು ಮೆಲಿಯಾಯ್ಡೋಸಿಸ್. 1911ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಗುರುತಿಸಿದ ರೋಗವಿದು. ಇದರ ಬ್ಯಾಕ್ಟೀರಿಯಾ ಇರುವುದು ಮಣ್ಣು, ಕೆಸರು ನೀರಿನಲ್ಲಿ. ಮಣಿಪಾಲದ ವೈದ್ಯರು ನಮ್ಮ ಕರಾವಳಿಯಲ್ಲಿ ಇದನ್ನು ಮಳೆಗಾಲದಲ್ಲೇ ಹೆಚ್ಚು ಕಂಡಿದ್ದಾರೆ. ರೋಗಿಗಳಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ. ಮಾವನಿಗೂ ಸಕ್ಕರೆ ಇತ್ತು. ಬರಿಗಾಲಲ್ಲಿ ಗದ್ದೆಗಿಳಿದು ನೇಜಿ ನೆಟ್ಟಿದ್ದರು.

ಆದರೆ ಮನುಷ್ಯನನ್ನು ಬೀಳಿಸುವುದು ಬ್ಯಾಕ್ಟೀರಿಯಾ ಒಂದೇ ಅಲ್ಲ. ಅದು ರಕ್ತಕ್ಕೆ ಹೊಕ್ಕೊಡನೆ ರಕ್ಷಣಾ ಕಣಗಳು ಸೈಟೊಕೈನ್ ಎಂಬ ಪ್ರೋಟೀನುಗಳ ಮೂಲಕ ಕೂಗು ಹಾಕುತ್ತವೆ. ಮೊದಲು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1. ಇವು ಇಂಟರ್‌ಲ್ಯೂಕಿನ್-6ನ್ನು ಎಬ್ಬಿಸುತ್ತವೆ. ಅದರ ಸೂಚನೆಯಂತೆ ಯಕೃತ್ತು, ನಾವು ಲ್ಯಾಬ್ ವರದಿಯಲ್ಲಿ ನೋಡುವ ಸಿಆರ್‌ಪಿಯನ್ನು ತಯಾರಿಸುತ್ತದೆ. ಗಲಾಟೆ ತಣಿಸಲು ಇಂಟರ್‌ಲ್ಯೂಕಿನ್-10 ಬರುತ್ತದೆ.

ನಮ್ಮ ಐಟಿಯಲ್ಲಿ ಒಂದು ಸರ್ವರಿನ ಅಲರ್ಟು ನೂರು ಅಲರ್ಟುಗಳನ್ನು ಹುಟ್ಟಿಸಿ ಇಡೀ ವ್ಯವಸ್ಥೆಯನ್ನೇ ಮಲಗಿಸುವುದುಂಟು. ಇಲ್ಲೂ ಹಾಗೆಯೇ. ಕೂಗು ಹತೋಟಿ ತಪ್ಪಿದರೆ ರಕ್ತನಾಳಗಳು ಸಡಿಲಗೊಂಡು ಸೋರುತ್ತವೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಕಿಡ್ನಿ ಸೋಲುತ್ತದೆ. ಇದೇ ಸೆಪ್ಸಿಸ್. ಹಾಗೆಂದು ತಣಿಸುವ ಸಂದೇಶ ಅತಿಯಾದರೆ ದೇಹ ನಿರಾಯುಧವಾಗಿ ಇನ್ನೊಂದು ಸೋಂಕಿಗೆ ಬಾಗಿಲು ತೆರೆಯುತ್ತದೆ. ಒಂದೇ ಸಂದೇಶವನ್ನು ತಡೆದರೆ ಸಾಲದು. 1990ರ ದಶಕದಲ್ಲಿ ಟಿಎನ್‌ಎಫ್ ತಡೆಯುವ ಔಷಧಗಳ ಪ್ರಯೋಗಗಳು ನಿರೀಕ್ಷಿಸಿದ ಫಲ ಕೊಡಲಿಲ್ಲ. ಇಂದಿಗೂ ಮುಖ್ಯ ಆಸರೆ ಬೇಗನೆ ಕೊಡುವ ಸರಿಯಾದ ಆಂಟಿಬಯೋಟಿಕ್, ಸಲೈನ್ ಮತ್ತು ಐಸಿಯು ಆರೈಕೆ.

ಮಾವ ಬದುಕಿದರು. ಎರಡು ವಾರ ಇಂಜೆಕ್ಷನ್, ಬಳಿಕ ಮೂರು ತಿಂಗಳು ಮಾತ್ರೆ. ವಾಶಿಯಲ್ಲಿ ಕೊಂಡ ಗಮ್‌ಬೂಟುಗಳನ್ನು ಊರಿಗೆ ಕಳಿಸಿದ್ದೇನೆ. "ಗದ್ದೆಗೆ ಬೂಟು ಹಾಕಿದರೆ ಜನ ನಗುತ್ತಾರೆ" ಎಂದರು. "ನಗಲಿ ಮಾವ" ಎಂದೆ.

ಊರಿನ ಹಿರಿಯರಿಗೆ ಫೋನಿನಲ್ಲೇ ಮದ್ದು ಹೇಳುವವರು ನಾವು. ಜ್ವರದ ಜೊತೆ ಮಾತು ತೊದಲಿದರೆ, ಉಸಿರು ಜೋರಾದರೆ, ಮೂತ್ರ ಕಡಿಮೆಯಾದರೆ "ಬೆಳಿಗ್ಗೆ ನೋಡುವ" ಎನ್ನಬೇಡಿ. ಆಗಲೇ ಗಾಡಿ ಕರೆಸಿ.